ಸಿಡಿಲಿಗೆ ಗಾಜಿನ ಉಡಿದಾರ

ಮುಗಿಲಗಿರಿಯ ರಾಜನ ಒಗಟಿಗೆ ಉತ್ತರ ಹೇಳುವವರ ಸಾಲಿನಲ್ಲಿ, ಬಳೆಗಾರ ನಿರ್ವಾಣಿಯ ಮುಂದೆಯೇ ನಿಂತಿದ್ದವನು ನಾನು. ಸಾಕ್ಷಿ ಬೇಕೇ? ಆ ರಾಜನಿಲ್ಲ, ಆ ಊರಿಲ್ಲ, ಸಾಲಿನಲ್ಲಿದ್ದವರ ಮೂಳೆಯೂ ಇಲ್ಲ. ಇಲ್ಲಿ ಬೀಡಿ ಕಟ್ಟುತ್ತ ಕೂತಿರುವ ಸಾಕವ್ವ ಆಗ ಹುಟ್ಟಿರಲೇ ಇಲ್ಲ. ಸುಮ್ಮನೆ ಕೇಳಿ.

ಡಂಗುರ ಹೀಗೆ ಬಿತ್ತು: "ಯುವರಾಜ ಹಾರಿದ ವಿಮಾನ ಸಿಡಿಲು ಬಡಿದು ಸುಟ್ಟಿದೆ. ಸಿಡಿಲೆಲ್ಲ ಒಂದೇ ಅಳತೆ. ಸಿಡಿಲು ಬಡಿದ ಬೇರೆ ವಿಮಾನಗಳು ಉಳಿದಿಲ್ಲವೇ? ಅದನ್ನು ಕಟ್ಟಿದ ಕಮ್ಮಾರ ಕರಿಬಸವ ತಗಡಿನಲ್ಲಿ ಮೋಸ ಮಾಡಿದ್ದಾನೆ. ಅವನಿಗೆ ಗಲ್ಲು. ಅಲ್ಲವೆನ್ನುವವನು ನನ್ನ ಮೂರು ಒಗಟು ಬಿಡಿಸಲಿ, ಕೇಳಿದ್ದು ಕೊಡುತ್ತೇನೆ. ತಪ್ಪಿದವನನ್ನು ಗುಡ್ಡದ ಕಬ್ಬಿಣದ ಕಂಬಕ್ಕೆ ಕಟ್ಟಿ ಮೋಡಕ್ಕೆ ಬಿಡುತ್ತೇನೆ."

ಸೇನಾಪತಿಯ ಮಗ ಮೊದಲು ಹೋದ. ರಾಜ ಕೇಳಿದ: "ದಡವಿಲ್ಲದ ಹೊಳೆ. ರೆಪ್ಪೆ ಬಡಿಯುವುದರೊಳಗೆ ತುಂಬಿ ಬತ್ತುತ್ತದೆ. ಯಾವುದು?"

"ಮಳೆ, ಪ್ರಭು!"

ಸಂಜೆಗೆ ಅವನು ಕಂಬದಲ್ಲಿ ಕರಿ ಕೊರಡಾಗಿದ್ದ. ಆಮೇಲೆ ಬಂದ ಸಾಹುಕಾರ ಸಿಡಿಲೆಂದು ಸರಿಯಾಗಿ ಹೇಳಿ, ಎರಡನೆಯದಕ್ಕೆ ಮುಗ್ಗರಿಸಿದ. ಗಾಳಿಯಲ್ಲಿ ಸುಟ್ಟ ಕೂದಲಿನ ವಾಸನೆ. ನಿರ್ವಾಣಿಯ ಮುಂದಿದ್ದ ಒಬ್ಬೊಬ್ಬರೂ ತಪ್ಪಿದರು, ಒಬ್ಬೊಬ್ಬರೂ ಗುಡ್ಡ ಹತ್ತಿದರು.

ನಿರ್ವಾಣಿ ಒಳಗೆ ಹೋದ. ಕರಿಬಸವ ಅವನ ಅಕ್ಕನ ಗಂಡ, ಬರದೆ ವಿಧಿಯಿರಲಿಲ್ಲ.

"ಮೊದಲನೆಯದು ಸಿಡಿಲು, ಬುದ್ಧಿ."

"ಆ ಹೊಳೆ ಒಳಗೆ ಬಾರದ ಮನೆ, ಬೆಳಕಿಗೆ ಮಾತ್ರ ಬಾಗಿಲು ತೆರೆದ ಮನೆ. ಯಾವುದು?"

"ಗಾಜು."

"ಹೊಳೆಯನ್ನು ಮುಟ್ಟದೆ, ಹರಿದದ್ದು ಎಷ್ಟೆಂದು ಹೇಳುವ ಸಾಕ್ಷಿ ಯಾರು?"

ನಿರ್ವಾಣಿ ಕೈಮುಗಿದ. "ಬಾಯಲ್ಲಿ ಹೇಳಿದರೆ ನಂಬುತ್ತೀರಾ? ಭಾವ ಮಾಡಿದ ಇನ್ನೊಂದು ವಿಮಾನ ಕೊಡಿ. ನಾನೇ ಮೋಡಕ್ಕೆ ಹೋಗುತ್ತೇನೆ."

"ಹೋಗು. ಕಂಬದ ಖರ್ಚು ಉಳಿಯಿತು."

ನಿರ್ವಾಣಿ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಎಳೆದು, ವಿಮಾನದ ಸೊಂಟಕ್ಕೆ ಮಗುವಿಗೆ ಕಟ್ಟಿದ ಹಾಗೆ ಉಡಿದಾರ ಸುತ್ತಿದ. ಎಳೆಯ ಒಳಗೆ ಬೆಳಕು ಬಿಟ್ಟ. ಅಕ್ಕ ಅಳುತ್ತಿದ್ದಳು, ಅವನು ಹಾರಿಹೋದ. ಎರಡು ಸಲ ಆಕಾಶ ಸೀಳಿತು.

ವಿಮಾನ ನೆಲಕ್ಕೆ ಬಿದ್ದಂತೆ ಇಳಿಯಿತು. ಹೊಟ್ಟೆಯ ತಗಡಿನಲ್ಲಿ ತಟ್ಟೆಯಷ್ಟು ತೂತು. ನಿರ್ವಾಣಿಯ ಎಡಗೈ ಮೊಣಕೈವರೆಗೆ ಇದ್ದಿಲು.

"ಸಾಕ್ಷಿ ಗಾಜಿನೊಳಗಿನ ಬೆಳಕು, ಬುದ್ಧಿ," ಎಂದ. "ಅದು ಒಂದೇ ಮಗ್ಗುಲಾಗಿ ನಡೆಯುತ್ತದೆ. ಉಡಿದಾರದ ನಡುವೆ ಸಿಡಿಲು ಹರಿದರೆ ಮಗ್ಗುಲು ಹೊರಳುತ್ತದೆ. ಸಿಡಿಲು ದೊಡ್ಡದಾದಷ್ಟೂ ಹೆಚ್ಚು ಹೊರಳುತ್ತದೆ. ಮೊದಲ ಏಟಿಗೆ ಬೆಳಕು ತುಸು ವಾಲಿತು, ತಗಡು ಬರೀ ಕಪ್ಪಾಯಿತು. ಎರಡನೆಯದಕ್ಕೆ ಪೂರ್ತಿ ಮಗುಚಿತು, ತಗಡು ಒಡೆಯಿತು. ತಗಡು ಅದೇ. ಸಿಡಿಲು ಬೇರೆ. ನಿಮ್ಮ ಮಗನಿಗೆ ಬಡಿದದ್ದು ದೊಡ್ಡದು."

ರಾಜ ಬಹಳ ಹೊತ್ತು ಆ ತೂತಿನಲ್ಲಿ ಕೈಯಾಡಿಸಿದ. ಆಮೇಲೆ ಗುಡ್ಡದ ಕಂಬದ ಕಡೆ ನೋಡಿದ, ಕಣ್ಣು ಮುಚ್ಚಿಕೊಂಡ.

"ಏನು ಬೇಕು? ಅರ್ಧ ರಾಜ್ಯ?"

"ಭಾವ ಬೇಕು."

ಸೆರೆಯಿಂದ ಹೊರಬಂದ ಕರಿಬಸವನಿಗೆ ಬಿಸಿಲು ಕಂಡು ಕಣ್ಣು ಬಿಡಲಾಗಲಿಲ್ಲ. ಅಕ್ಕ ಸೆರಗು ಅಡ್ಡ ಹಿಡಿದಳು. ಅವತ್ತಿನಿಂದ ಆ ನಾಡಿನಲ್ಲಿ ಉಡಿದಾರವಿಲ್ಲದ ವಿಮಾನ ಹಾರಲಿಲ್ಲ.

ಸಾಕವ್ವ ಬೀಡಿಗೆ ದಾರ ಸುತ್ತುತ್ತ ತಲೆಯೆತ್ತಿದಳು. "ಅಲ್ಲಜ್ಜ, ಅವನ ಮುಂದೆಯೇ ನಿಂತಿದ್ದೆ ಅಂದೆ. ಮುಂದಿದ್ದವರೆಲ್ಲ ಕಂಬಕ್ಕೆ ಹೋದರು ಅಂತಲೂ ಅಂದೆ. ಮತ್ತೆ ನೀನು?"

ನಾನು ಹೆಗಲು ಕುಣಿಸಿದೆ.

"ನನ್ನ ಪಾಳಿಗೆ ಮೋಡವೇ ಬರಲಿಲ್ಲ ಕಣವ್ವ."