ಬಯಕೆಯ ಬುತ್ತಿ

ಶಿಷ್ಯ ಕೇಳಿದ: "ಗುರುಗಳೇ, ಕೆಲಸಗಳೆಲ್ಲ ಮುಗಿದ ಮೇಲೆ ನಿಶ್ಚಿಂತೆಯಿಂದ ಕೂರೋಣ ಎಂದುಕೊಳ್ಳುತ್ತೇನೆ. ಒಂದು ಮುಗಿಯುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತದೆ. ಮನಸ್ಸು ನೆಲೆ ನಿಲ್ಲುತ್ತಿಲ್ಲ. ಈ ಕೆಲಸಗಳು ಮುಗಿಯುವುದು ಯಾವಾಗ?"

ಮಠದಲ್ಲಿ ಹಬ್ಬದ ತಯಾರಿ ನಡೆದಿತ್ತು. ಶಿಷ್ಯ ಬೆಳಗಿನಿಂದ ನೀರು ಸೇದಿದ್ದ, ಪಾತ್ರೆ ತೊಳೆದಿದ್ದ. ಊರಿನಿಂದ ಬಂದ ತಂದೆಯನ್ನು ಬಾಗಿಲ ಕಟ್ಟೆಯ ಮೇಲೆ ಕೂರಿಸಿ ಬಾಳೆಲೆ ತರಲು ಓಡಿದ್ದ. ಪ್ರಶ್ನೆ ಕೇಳುವಾಗಲೂ ಅವನ ಕೈಯಲ್ಲಿ ಪೊರಕೆ ಇತ್ತು.

"ಪೊರಕೆ ಕೆಳಗಿಡು," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಅದನ್ನೂ ಒಂದು ಕೆಲಸವೆಂದೇ ತಿಳಿದು ಕೇಳು. ಇಲ್ಲದಿದ್ದರೆ ನಿನಗೆ ಕೂರಲಾಗದು."

ಒಬ್ಬ ರೈತ, ಅವನ ಹೆಂಡತಿ. ಇಬ್ಬರೂ ಮೈಗಳ್ಳರಲ್ಲ. ಅವರಲ್ಲಿ ತಪ್ಪು ಹುಡುಕುವವರು ಬೇರೆ ಕಡೆ ಹುಡುಕಬೇಕು. ಅವರಿಗೆ ಒಬ್ಬಳೇ ಮಗಳು, ಹೊಳೆವ್ವ. ಮದುವೆಯಾಗಿ ಎರಡು ವರ್ಷಕ್ಕೆ ಚೊಚ್ಚಲ ಬಸುರಿ. ಮಹಾನವಮಿಯ ಘಟ ಇಡುವ ದಿನ ತವರಿಗೆ ಬಂದಳು. ಶೀಗಿ ಹುಣ್ಣಿಮೆಯ ಮರುದಿನ ಗಂಡ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ನಡುವೆ ಹದಿನೈದು ದಿನ.

ಮಗಳು ಬರುತ್ತಾಳೆಂದು ತಾಯಿ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆದಿದ್ದಳು. ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು. ಮಗಳು ಬಾಗಿಲಿಗೆ ಬಂದಾಗಲೂ ಕೈ ತುಂಬ ಸುಣ್ಣ. ದೂರದಿಂದಲೇ ಮಾತಾಡಿಸಿದಳು.

ಆ ಸಂಜೆ ಹೊಳೆವ್ವ ಹೇಳಿದಳು: "ಅವ್ವಾ, ಹಸಿ ಶೇಂಗಾ ಸುಟ್ಕೊಂಡು ತಿನ್ನಬೇಕು ಅನಸೈತಿ. ನಾ ಸಣ್ಣಾಕಿ ಇದ್ದಾಗ ಹೊಲದಾಗ ಕುಂತು ತಿಂತಿದ್ವಲ್ಲ, ಮೂರೂ ಮಂದಿ, ಹಂಗ."

"ಶೇಂಗಾಕ್ಕ ಏನ್ ಬರ ಬಂದೈತವಾ? ಇದೊಂದ್ ಕೆಲಸ ಮುಗೀಲಿ," ಎಂದಳು ತಾಯಿ.

ಮರುದಿನ ಶೇಂಗಾ ಕೀಳಲು ಆಳುಗಳು ಬಂದರು. ಅವರಿಗೆ ಬುತ್ತಿ ಕಟ್ಟಬೇಕಿತ್ತು. ಕಿತ್ತ ಬಳ್ಳಿ ಮನೆಗೆ ಬಂತು, ಕಾಯಿ ಬಿಡಿಸಬೇಕಿತ್ತು. ಬಿಡಿಸಿ ಒಣಹಾಕಿದರೆ ಮೋಡ ಕಟ್ಟಿತು, ಬಳಿದು ಗುಂಪು ಮಾಡಿದರು. ಮೋಡ ಸರಿಯಿತು, ಮತ್ತೆ ಹರವಿದರು. ನಡುವೆ ಎಮ್ಮೆ ಕರು ಹಾಕಿತು. ರಾತ್ರಿಯ ಮಳೆಗೆ ಮಣ್ಣಿನ ಮಾಳಿಗೆ ಸೋರಿತು, ರೈತ ಮಣ್ಣು ಹೊತ್ತು ಮೇಲೇರಿದ. ಹೊಳೆವ್ವ ಏಣಿಯ ಬುಡದಲ್ಲಿ ನಿಂತು "ಅಪ್ಪಾ" ಎಂದರೆ, "ಬಂದ್ನೆವಾ, ಇದೊಂದ್ ಬುಟ್ಟಿ" ಎಂದ. ಕೆಳಗಿಳಿದವನು ಎಮ್ಮೆಯ ಕಡೆಗೆ ಹೋದ. ಗಂಡ ಹೆಂಡತಿ ನಿಂತೇ ಉಣ್ಣುತ್ತಿದ್ದರು. ಮಗಳಿಗೆ ಮಾತ್ರ ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಬೆಣ್ಣೆ ತಾಟಿಗೆ ಬೀಳುತ್ತಿತ್ತು. ಹಾಕಿದ ಕೈ ಅಲ್ಲಿ ನಿಲ್ಲುತ್ತಿರಲಿಲ್ಲ.

ಮನೆ ತುಂಬ ಶೇಂಗಾ, ಒಲೆಯಲ್ಲಿ ಬೆಂಕಿ. ಹೊಳೆವ್ವ ತಾನೇ ನಾಲ್ಕು ಸುಟ್ಟುಕೊಳ್ಳಬಹುದಿತ್ತಲ್ಲ ಎನ್ನುತ್ತೀಯಾ? ಹಾಗಾದರೆ ಅವಳು ಕೇಳಿದ್ದೇನೆಂದು ನಿನಗೂ ತಿಳಿದಿಲ್ಲ.

ಹುಣ್ಣಿಮೆ ಬಂತು. ಆ ದಿನ ಭೂಮಿತಾಯಿ ಬಸುರಿ ಎಂದು ನಮ್ಮ ಕಡೆಯ ನಂಬಿಕೆ. ಪೈರು ಹೊಟ್ಟೆಯಲ್ಲಿ ತೆನೆ ಹೊತ್ತು ನಿಂತಿರುತ್ತದೆ. ಬಯಕೆಯ ಅಡುಗೆ ಮಾಡಿ, ಹೊಲಕ್ಕೆ ಒಯ್ದು, ಉಡಿ ತುಂಬಿ ಉಣಿಸಿ ಬರುತ್ತಾರೆ. ಹೆಂಡತಿ ನಸುಕಿನಲ್ಲೇ ಎದ್ದು ಹೋಳಿಗೆ, ಕಡುಬು, ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ ಮಾಡಿದಳು. ರೈತ ಗಾಡಿ ಕಟ್ಟಿದ. ಹೊಳೆವ್ವ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದಳು.

"ನೀ ಮನ್ಯಾಗ ಇರವಾ," ಎಂದಳು ತಾಯಿ. "ಅಂಗಳದಾಗ ಶೇಂಗಾ ಒಣಗಾಕ ಹಾಕೇವಿ, ಆಡು ಬಾಯಿ ಹಾಕ್ತಾವು. ನಾಳೆ ನೀ ಹೋಗೂದ್ರೊಳಗ ಎಲ್ಲಾರೂ ಕೂಡಿ ಸುಟ್ಟು ತಿನ್ನೂಣಂತ."

ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದರು. ಹಸಿರು ಕುಬಸದ ಬಟ್ಟೆ ಏರಿಸಿ ಭೂಮಿಗೆ ಉಡಿ ತುಂಬಿದರು. ರೈತ ಬುಟ್ಟಿ ಹಿಡಿದು ಕೂಗುತ್ತ ಹೊಲದ ನಾಲ್ಕೂ ಮೂಲೆಗೆ ಅನ್ನ ಚೆಲ್ಲಿದ. ಹೆಂಡತಿ ಜೋಳದ ಸಾಲಿನ ಮುಂದೆ ಕೂತು, ವರ್ಷ ವರ್ಷ ಕೇಳುವಂತೆ ಕೇಳಿದಳು: "ಬಯಕಿ ತೀರಿತೇನವಾ? ಇನ್ನೇನರ ಬೇಕಂದ್ರ ಹೇಳು."

ಕೇಳಿದ ಮಾತು ಅವಳ ಕಿವಿಗೇ ಬಿತ್ತು. ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಆಗಲೇ ಎತ್ತುಗಳ ಕಡೆಗೆ ಓಡುತ್ತಿದ್ದ.

ಮನೆಗೆ ಮರಳಿದಾಗ ಅಂಗಳ ಗುಡಿಸಿತ್ತು. ಶೇಂಗಾವನ್ನು ಗುಂಪು ಮಾಡಿ, ಮಳೆ ಬಂದೀತೆಂದು ಮೇಲೆ ಕೌದಿ ಹೊದಿಸಿತ್ತು. ಪಕ್ಕದ ಮನೆಯ ಮುದುಕಿ ಹೇಳಿದಳು: "ಮ್ವಾಡ ಕಟ್ಟೈತಿ, ಹಳ್ಳ ಬಂದ್ರ ನಾಳೆ ದಾಟಾಕ ಆಗಂಗಿಲ್ಲಂತ ನಿಮ್ಮ ಅಳಿಯಾ ಇವತ್ತ ಬಂದು ಕರ್ಕೊಂಡ್ ಹೋದ. ಹೊಲಕ್ಕ ಹೇಳಿ ಕಳಸ್ಲೇನು ಅಂತ ಹೊಳೆವ್ವನ್ನ ಕೇಳಿದೆ. ಬ್ಯಾಡ ಆಯಿ, ಅವರ ಕೆಲಸ ಇನ್ನೂ ಮುಗದಿರಂಗಿಲ್ಲ ಅಂದ್ಲು."

ಮಗಳಿಗೆ ಕೊಡಲು ಏನಾದರೂ ಇದೆಯೇ ಎಂದು ತಾಯಿ ಬುಟ್ಟಿಯ ಬಟ್ಟೆ ಸರಿಸಿದಳು. ಒಂದು ಕಡುಬೂ ಉಳಿದಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತಳು. ಹದಿನೈದು ದಿನಗಳಲ್ಲಿ ಅವಳು ಹಗಲು ಹೊತ್ತು ಮನೆಯಲ್ಲಿ ಸುಮ್ಮನೆ ಕೂತದ್ದು ಅದೇ ಮೊದಲು. ರೈತ ಕೌದಿ ಎತ್ತಿ ಎರಡು ಬೊಗಸೆ ಶೇಂಗಾ ತೆಗೆದು ಹೆಗಲ ಬಟ್ಟೆಯಲ್ಲಿ ಕಟ್ಟಿದ. ಹಳ್ಳದ ದಾರಿಗೆ ಗಾಡಿ ತಿರುಗಿಸಿ ಎತ್ತುಗಳನ್ನು ಓಡಿಸಿದ. ಮಗಳು ಕೇಳಿದ್ದು ಹಸಿಯದು. ಗಂಟಿನೊಳಗಿನ ಕಾಯಿ ಒಣಗಿ ಗಲಗಲ ಎನ್ನುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈ ಅವನಿಗೆ ಅರಿವಿಲ್ಲದೆಯೇ ಮತ್ತೆ ಪೊರಕೆ ಹಿಡಿದಿತ್ತು.

"ಆಮೇಲೆ, ಗುರುಗಳೇ? ಹಳ್ಳದ ಹತ್ತಿರವಾದರೂ ಮಗಳು ಸಿಕ್ಕಳೇ?"

ಗುರುಗಳು ಹೇಳಿದರು: "ಹೋಗಿ ಕಟ್ಟೆಯ ಮೇಲಿರುವ ನಿಮ್ಮಪ್ಪನನ್ನು ಕೇಳು, ಇನ್ನೂ ಕೂತಿದ್ದರೆ."