ನೀರು ನೋಡುವವರ ನಾಲಿಗೆ

"ಮೇಡಂ, ನಾನು ಒಂದು ಅಂಕಿಯನ್ನೂ ತಿದ್ದುವುದಿಲ್ಲ. ನೀರಿನಲ್ಲಿ ಏನು ಸಿಗುತ್ತದೋ ಅದನ್ನೇ ಬರೆಯುತ್ತೇನೆ. ಹಾಗಿರುವಾಗ ಅವರು ಹೇಳಿದ ದಿನ, ಅವರು ತೋರಿಸಿದ ಜಾಗದಲ್ಲಿ ನೀರು ತುಂಬಿಕೊಂಡರೆ ತಪ್ಪೇನು?"

ಹೀಗೆ ಕೇಳಿದವನು ಕೊಟ್ರೇಶ. ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದ, ಕೊನೆಯ ವರ್ಷ. ಕೇಳಿಸಿಕೊಂಡವರು ಅವನ ಗುರು ಹಾಲಮ್ಮ ಮೇಡಂ. ಮೂವತ್ತು ವರ್ಷ ಹಳ್ಳ, ಕೆರೆ, ಬಾವಿಗಳ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿದವರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ.

ಇಬ್ಬರ ನಡುವೆ ಮೇಜಿನ ಮೇಲೆ ಒಂದು ಒಪ್ಪಂದದ ಪತ್ರವಿತ್ತು. ಬರೆದವರು ಒಂದು ಬಣ್ಣದ ಕಾರ್ಖಾನೆಯವರು. ಕಾರ್ಖಾನೆಯ ಕೆಳಗೆ ಹರಿಯುವ ಹಳ್ಳದ ನೀರನ್ನು ಕೊಟ್ರೇಶ ತನ್ನ ಪ್ರಾಜೆಕ್ಟಿಗಾಗಿ ಪರೀಕ್ಷಿಸಬಹುದು. ಜೀಪು ಅವರದು. ಮಧ್ಯಾಹ್ನದ ಊಟ ಅವರದು. ವಿಭಾಗಕ್ಕೆ ಒಂದು ಹೊಸ ಯಂತ್ರವನ್ನೂ ಅವರೇ ಕೊಡುತ್ತಾರೆ. ಯಾವ ದಿನ ಬರಬೇಕು, ಎಲ್ಲಿ ಬಾಟಲಿ ಅದ್ದಬೇಕು ಅನ್ನುವುದನ್ನು ಮಾತ್ರ ಅವರೇ ಹೇಳುತ್ತಾರೆ. ಹಳ್ಳಕ್ಕೆ ಇಳಿಯುವ ದಾರಿ ಅವರ ಬೇಲಿಯೊಳಗೆ ಇತ್ತು. ಸಹಿ ಹಾಕದಿದ್ದರೆ ಗೇಟು ತೆರೆಯುವುದಿಲ್ಲ, ಪ್ರಾಜೆಕ್ಟು ನಿಲ್ಲುತ್ತದೆ, ಪದವಿ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ವಿಭಾಗದ ಮುಖ್ಯಸ್ಥರು ಆಗಲೇ ಸಹಿ ಹಾಕಿದ್ದರು. ಕೊಟ್ರೇಶನದು ಬಾಕಿ.

"ಕೂತ್ಕೋ," ಎಂದರು ಹಾಲಮ್ಮ ಮೇಡಂ. "ಒಂದು ಕತೆ ಹೇಳುತ್ತೇನೆ. ಆಮೇಲೆ ಸಹಿ ಹಾಕುತ್ತೀಯೋ ಹರಿದು ಬಿಸಾಕುತ್ತೀಯೋ, ನಿನಗೆ ಬಿಟ್ಟಿದ್ದು. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ."

ಕೊಟ್ರೇಶ ಕೂತ. ಅವರು ಹೇಳತೊಡಗಿದರು.

ಒಂದು ಊರು. ಊರಿಗೊಂದು ಕೆರೆ. ಕುಡಿಯಲು, ಅಡಿಗೆಗೆ, ದನಕರುಗಳಿಗೆ ಎಲ್ಲಕ್ಕೂ ಅದೇ ನೀರು. ಬೇರೆ ನೀರು ಬೇಕೆಂದರೆ ಒಂದು ಹರಿದಾರಿ ನಡೆದು, ಹಳ್ಳದ ಮರಳಿನಲ್ಲಿ ಒರತೆ ತೋಡಬೇಕು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಕೆರೆಗೆ ಹೊಸ ನೀರು ಬಂದು ತಿಳಿಯಾದ ಮೇಲೆ ಒಬ್ಬರು ಆ ನೀರನ್ನು ನೋಡಬೇಕು. ನೋಡುವುದು ಅಂದರೆ ಕಣ್ಣಿನಿಂದಲ್ಲ, ನಾಲಿಗೆಯಿಂದ. ಅದಕ್ಕೆ ಮೊದಲು ಅವರು ಒಂಬತ್ತು ದಿನ ಉಪ್ಪು ಬಿಡಬೇಕು, ಹುಳಿ ಬಿಡಬೇಕು, ಖಾರ ಬಿಡಬೇಕು, ಎಲೆ ಅಡಿಕೆ ಮುಟ್ಟಬಾರದು. ಬರೀ ಸಪ್ಪೆ ಮುದ್ದೆ, ಹಾಲು. ಹತ್ತನೆಯ ದಿನ ಬೆಳಿಗ್ಗೆ ಊರೆಲ್ಲ ಕೂಡಿದಾಗ, ಕೊಡ ಅದ್ದುವ ಕೊನೆಯ ಮೆಟ್ಟಿಲಿಗೆ ಇಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳಬೇಕು. ಒಂದೋ 'ಆದೀತು' ಅನ್ನಬೇಕು, ಇಲ್ಲವೇ 'ಆಗದು' ಅನ್ನಬೇಕು. ಆಗದು ಅಂದರೆ, ನೀರು ಬರುವ ಕಾಲುವೆ ಚೊಕ್ಕಟವಾಗುವವರೆಗೆ ಯಾರೂ ಕೆರೆಗೆ ಕೊಡ ಹಾಕುವಂತಿಲ್ಲ.

ನಗಬೇಡ. ಒಂದು ನೀರು ನೋಡಿ ಇನ್ನೊಂದು ನೀರು ನೋಡುವ ಮುಂಚೆ ನಿನ್ನ ಮೀಟರಿನ ಕಡ್ಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯುತ್ತೀಯಲ್ಲ, ಯಾಕೆ? ತೊಳೆಯದೆ ಹೋದರೆ ನಿನಗೆ ನಾನು ಬೈಯುತ್ತೇನಲ್ಲ, ಯಾಕೆ? ಅವರಿಗೆ ಮೀಟರು ಇರಲಿಲ್ಲ, ನಾಲಿಗೆ ಇತ್ತು. ಉಪ್ಪು ತಿಂದ ನಾಲಿಗೆಗೆ ನೀರಿನ ಉಪ್ಪು ಸಿಗುವುದಿಲ್ಲ ಅನ್ನುವಷ್ಟು ಬುದ್ಧಿಯೂ ಇತ್ತು.

ಆ ಊರಿಗೆ ಒಬ್ಬ ವರ್ತಕ ಬಂದ. ಕೆರೆಗೆ ನೀರು ತರುವ ಕಾಲುವೆಯ ದಂಡೆಯಲ್ಲಿ ಬಣ್ಣದ ಹಂಡೆಗಳನ್ನು ಹೂಡಿದ. ನೂಲು ಅದ್ದುವುದು, ಒಣಗಿಸುವುದು, ಸಂತೆಗೆ ಕಳಿಸುವುದು. ಊರಿನ ನಲವತ್ತು ಮನೆಗಳಿಗೆ ಕೆಲಸ ಸಿಕ್ಕಿತು. ಮನುಷ್ಯ ಕೆಟ್ಟವನೇನಲ್ಲ, ಎದುರು ಸಿಕ್ಕರೆ ತಾನೇ ಮೊದಲು ಮಾತಾಡಿಸುವವನು. ಹಂಡೆಯ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಬಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಕಾಲುವೆಗೆ ಬಿಡುತ್ತಿದ್ದ. ಊರವರು ಬಂದು ನೋಡಿ, ಆಹಾ ಎಷ್ಟು ತಿಳಿಯಾಗಿದೆ ಅಂದರು. ತಿಳಿಯಾಗಿಲ್ಲದೆ ಏನು? ಬಣ್ಣ ತಳಕ್ಕೆ ಇಳಿಯುತ್ತದೆ. ಬಣ್ಣ ಹಿಡಿಯಲಿ ಅಂತ ಹಾಕಿದ ಉಪ್ಪು, ಪಟಿಕ ಇಳಿಯುತ್ತವೆಯೇ? ಅವು ನೀರಿನ ಜೊತೆಗೇ ಕೆರೆಗೆ ಬಂದವು.

ಆಗ ನೀರು ನೋಡುತ್ತಿದ್ದವನು ಒಬ್ಬ ಮುದುಕ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ. ಅವನು ಸಪ್ಪೆ ಉಣ್ಣತೊಡಗಿದ ಎಂಟನೆಯ ದಿನ ವರ್ತಕ ಅವನ ಬಾಗಿಲಿಗೆ ಬಂದ.

"ಹಿರಿಯರೇ, ಊರಿಗಾಗಿ ಹೊಟ್ಟೆ ಕಟ್ಟುತ್ತೀರಿ. ಊರಿನವರು ಒಂದು ದಿನ ಕರೆದು ಒಂದು ತುತ್ತು ಹಾಕಿದ್ದುಂಟಾ? ಇವತ್ತು ನಮ್ಮಲ್ಲಿಗೆ ಬನ್ನಿ. ನಿಮಗೊಂದು ಸನ್ಮಾನ ಮಾಡಬೇಕು."

"ಬರುತ್ತೇನೆ ಸಾಹುಕಾರರೇ. ಆದರೆ ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ."

"ಶಿವ ಶಿವಾ! ಸುಳ್ಳು ಹೇಳಿ ಅಂದವರು ಯಾರು? ಊಟ ಮಾಡಿ ಅಂದೆ, ಅಷ್ಟೇ."

ಏಳು ದಿನ ಆಗಿದೆ, ಒಂದು ಊಟದಿಂದ ಏನಾದೀತು ಅಂದುಕೊಂಡ ಮುದುಕ. ಹೋದ. ಎಣ್ಣೆಗಾಯಿ ಹಾಕಿದರು, ಹುಳಿಯನ್ನ ಹಾಕಿದರು, ಮೆಣಸಿನಕಾಯಿ ಬಜ್ಜಿ, ಮಾವಿನ ಉಪ್ಪಿನಕಾಯಿ, ಸಾಕು ಸಾಕು ಅಂದರೂ ಬಿಡದೆ ಬಡಿಸಿದರು. ಹೆಗಲಿಗೆ ಶಾಲು ಹೊದಿಸಿದರು. ಬಾಯಿ ತುಂಬ ಎಲೆ ಅಡಿಕೆ. ಮಿಕ್ಕಿದ್ದನ್ನು ಬುತ್ತಿ ಕಟ್ಟಿ ಕೊಟ್ಟರು, ಅದನ್ನು ಮರುದಿನ ಉಂಡ. ಊರವರಿಗೂ ಸಂತೋಷವೇ. ಕೊನೆಗೂ ನಮ್ಮ ಹಿರಿಯನನ್ನು ಒಬ್ಬರು ಗುರುತಿಸಿದರಲ್ಲ ಅಂದರು. ಅಯ್ಯೋ ಮಂಕುಗಳಾ! ಮರ್ಯಾದೆ ಮಾಡಿ ನಾಲಿಗೆ ಕೊಲ್ಲುವುದನ್ನು ಅವತ್ತು ಆ ಊರು ಕಲಿಯಿತು. ನಮ್ಮ ವಿಭಾಗದವರು ಅದನ್ನು ಈಗ ಕಲಿಯುತ್ತಿದ್ದಾರೆ, ಇರಲಿ.

ಹತ್ತನೆಯ ದಿನ ಮುದುಕ ಮೆಟ್ಟಿಲಿಳಿದು ನೀರು ಬಾಯಿಗೆ ಹಾಕಿಕೊಂಡ. ಹುಡುಕಿದ. ಏನೂ ಸಿಗಲಿಲ್ಲ. "ಆದೀತು" ಅಂದ. ಎದೆ ಮುಟ್ಟಿಕೊಂಡು ಅಂದ. ಅವನು ಅಂದದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಆ ವರ್ಷ ಊರಿನಲ್ಲಿ ತೊಗರಿಬೇಳೆ ಬೇಯಲಿಲ್ಲ. ಎಷ್ಟು ಸೌದೆ ಉರಿಸಿದರೂ ಕಲ್ಲಿನ ಹಾಗೆ ಕೂತಿತು. ಹೆಂಗಸರು ಅಂಗಡಿಯವನ ಮೇಲೆ ಜಗಳಕ್ಕೆ ಹೋದರು, ಹುಳು ಹಿಡಿದ ಹಳೇ ಬೇಳೆ ಕೊಡುತ್ತೀಯಾ ಅಂತ. ಕರುಗಳು ಕೆರೆಗೆ ಮೂತಿ ಇಟ್ಟು ಹಿಂದಕ್ಕೆ ತೆಗೆದವು. ಕೂಸುಗಳಿಗೆ ಭೇದಿ ಹಿಡಿಯಿತು. ಒಬ್ಬಾಕೆ ಕೆರೆ ಮೆಟ್ಟಿಲ ಮೇಲೆ ಬಾಯಿಬಿಟ್ಟು ಹೇಳಿಯೂ ಹೇಳಿದಳು, ನೀರು ಯಾಕೋ ಉಪ್ಪುಪ್ಪು ಅನ್ನಿಸುತ್ತದೆ ಅಂತ. ಉಳಿದವರು ಅವಳ ಮೇಲೆ ಬಿದ್ದರು. ಹಿರಿಯರು ನೋಡಿ ಆದೀತು ಅಂದಿದ್ದಾರೆ, ನೀನು ಅವರಿಗಿಂತ ಹೆಚ್ಚು ತಿಳಿದವಳಾ ಅಂದರು. ಅವಳು ಅದೇ ನೀರನ್ನು ಕೊಡಕ್ಕೆ ತುಂಬಿಕೊಂಡು ಹೋದಳು.

ಇದನ್ನು ಸರಿಯಾಗಿ ಕಿವಿಗೆ ಹಾಕಿಕೋ ಕೊಟ್ರೇಶ. ಮುದುಕ ನೀರನ್ನು ನೋಡದೇ ಇದ್ದಿದ್ದರೆ ಆ ಜನ ತಮ್ಮ ಬಾಯನ್ನಾದರೂ ನಂಬುತ್ತಿದ್ದರು. ಅವನು ನೋಡಿದ್ದರಿಂದ ಅದನ್ನೂ ನಂಬದೆ ಹೋದರು.

ಮುದುಕನಿಗೆ ಒಬ್ಬ ಸೊಸೆ. ಭೇದಿ ಹಿಡಿದ ಕೂಸುಗಳಲ್ಲಿ ಅವಳದೂ ಒಂದು. ಮೂರು ತಿಂಗಳು ಅದನ್ನು ಎದೆಗೆ ಹಾಕಿಕೊಂಡು ಕೂತಳು, ಹೇಗೋ ಉಳಿಸಿಕೊಂಡಳು. ಮುದುಕನಿಗೆ ಆಗ ಅರ್ಥವಾಯಿತು. "ಅವತ್ತು ನನ್ನ ನಾಲಿಗೆ ಸತ್ತಿತ್ತು ಕಣವ್ವಾ, ನನಗೇ ಗೊತ್ತಾಗಲಿಲ್ಲ" ಅಂದ. ಆ ಶಾಲನ್ನು ಮತ್ತೆ ಮೈಗೆ ಹಾಕಲಿಲ್ಲ.

"ಈ ಸಲ ನಾನು ನೋಡುತ್ತೇನೆ ಮಾವ," ಅಂದಳು ಸೊಸೆ.

ನೀರು ನೋಡುವ ಕೆಲಸ ಆ ಮನೆಯದು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಅವಳು ಉಪ್ಪು ಬಿಟ್ಟಳು. ಎಂಟನೆಯ ದಿನ ವರ್ತಕ ಬಂದ. ಅದೇ ನಗು, ಅದೇ ಮಾತು.

"ಬನ್ನಿ ತಾಯಿ, ಒಂದು ಊಟ."

"ಬರುತ್ತೇನೆ ಸಾಹುಕಾರರೇ. ನಾಡಿದ್ದು ನೀರು ನೋಡಿ ನೇರ ನಿಮ್ಮ ಮನೆಗೇ ಬರುತ್ತೇನೆ. ಎಷ್ಟು ಬಡಿಸುತ್ತೀರೋ ಬಡಿಸಿ."

ವರ್ತಕ ನಗುತ್ತಲೇ ಹೊರಟುಹೋದ. ಒಂಬತ್ತನೆಯ ದಿನ ಊರಿನ ಗೌಡ ಬಂದ. ಅವನ ಹಿಂದೆ ಹತ್ತು ಜನ. ಎಲೆಯ ಮೇಲೆ ಊಟ ಬಡಿಸಿ ತಂದು ಅವಳ ಹೊಸ್ತಿಲ ಮೇಲೆ ಇಟ್ಟರು.

"ಏನವ್ವಾ, ನಲವತ್ತು ಮನೆ ಒಲೆ ಉರಿಯುತ್ತಿರುವುದು ಅವರಿಂದ. ಮನೆ ಬಾಗಿಲಿಗೆ ಬಂದ ಅನ್ನವನ್ನು ಬೇಡ ಅಂತೀಯಾ? ಅನ್ನಕ್ಕೆ ಅವಮಾನ ಮಾಡಬಾರದು. ಸುಳ್ಳು ಹೇಳು ಅಂತ ಯಾರೂ ಅಂದಿಲ್ಲ."

"ನನ್ನ ಮಾವನಿಗೂ ಯಾರೂ ಅಂದಿರಲಿಲ್ಲ ಗೌಡರೇ. ಅನ್ನ ದೊಡ್ಡದು, ಕೈ ಮುಗಿಯುತ್ತೇನೆ. ಹಸಿದವರಿಗೆ ಹಾಕಿ. ನನ್ನ ನಾಲಿಗೆ ನಾಳೆ ಊರಿಗೆ ಬೇಕು."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಹೊಟ್ಟೆ ಅವಳದೂ ತಾಳ ಹಾಕುತ್ತಿತ್ತು, ಒಂಬತ್ತು ದಿನ ಸಪ್ಪೆ ಮುದ್ದೆ ನುಂಗಿದವಳಿಗೆ ಎಣ್ಣೆಗಾಯಿಯ ವಾಸನೆ ಏನು ಕಡಿಮೆ ಕಾಟವೇ? ಸೊಕ್ಕಿನವಳು, ಹಠಮಾರಿ, ಹೆಣ್ಣಿಗೆ ಇಷ್ಟು ಆಗಬಾರದು, ಇನ್ನೂ ಏನೇನೋ ಅಂದರು. ಅನ್ನಲಿ. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಎಲೆಯನ್ನು ಬಂದವರೇ ಎತ್ತಿಕೊಂಡು ಹೋಗಬೇಕಾಯಿತು.

ಹತ್ತನೆಯ ದಿನ ಅವಳು ಕೊನೆಯ ಮೆಟ್ಟಿಲಿಗೆ ಇಳಿದಳು. ನೀರು ಬಾಯಿಗೆ ಹಾಕಿಕೊಂಡಳು. ತಿರುಗಿ ಎಲ್ಲರ ಎದುರಿಗೇ ಉಗಿದಳು.

"ಆಗದು."

"ಇನ್ನೊಂದು ಸಲ ನೋಡು," ಅಂದ ಗೌಡ. "ಅಲ್ಲಿ ಮೂಡಣ ದಂಡೆಯಲ್ಲಿ ನೋಡು. ಅಲ್ಲಿ ಬುಗ್ಗೆ ಇದೆ, ನೀರು ಚೆನ್ನಾಗಿದೆ."

"ಊರಿನ ಕೊಡ ಅದ್ದುವುದು ಇಲ್ಲಿ. ನಾನು ನೋಡುವುದೂ ಇಲ್ಲೇ. ನೂರು ಸಲ ನೋಡಿದರೂ ಆಗದು."

ಊರಿಗೆ ಸಿಟ್ಟು ಬಂತು. ಬಾರದೆ ಇರುತ್ತದೆಯೇ? ಕೆರೆ ಮುಚ್ಚಿದರೆ ಒರತೆಗೆ ನಡೆಯಬೇಕು, ಹಂಡೆ ನಿಂತರೆ ಕೆಲಸ ಹೋಗುತ್ತದೆ. ಅಲ್ಲಿಯೇ ನಿಂತು ಅವಳನ್ನು ತೆಗೆದರು. ತಲೆತಲಾಂತರದಿಂದ ಬಂದ ಕೆಲಸ ಒಂದು ಗಳಿಗೆಯಲ್ಲಿ ಆ ಮನೆಯಿಂದ ಹೋಯಿತು. ಗೌಡನ ಭಾವಮೈದುನನನ್ನು ನೇಮಿಸಿದರು. ಉಪ್ಪು ಬಿಡುವುದೆಲ್ಲ ಹಳೇ ಕಾಲದ ಕಂದಾಚಾರ ಅಂದ ಗೌಡ. ಭಾವಮೈದುನ ವರ್ತಕನ ಮನೆಯಲ್ಲಿ ಉಂಡು, ಎಲೆ ಅಡಿಕೆ ಉಗಿದು, ಮೂಡಣ ದಂಡೆಯಲ್ಲಿ ಒಂದು ಬೊಗಸೆ ಕುಡಿದು, ಮೀಸೆ ಒರೆಸಿಕೊಂಡು, "ಆದೀತು" ಅಂದ. ಅವತ್ತೇ ಊರಿನವರೆಲ್ಲ ಕೆರೆಗೆ ಕೊಡ ಹಾಕಿದರು.

ಅವಳು ಹಾಕಲಿಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ದಿನಾ ಒರತೆಗೆ ನಡೆದಳು. ಹೋಗುವಾಗ ಒಂದು ಹರಿದಾರಿ, ಬರುವಾಗ ಒಂದು ಹರಿದಾರಿ. ಸುಗ್ಗಿಯಲ್ಲೂ ನಡೆದಳು, ಜ್ವರ ಬಂದಾಗಲೂ ನಡೆದಳು. ದಾರಿಯಲ್ಲಿ ಜನ ಮುಖ ತಿರುಗಿಸಿದರು. ಪಕ್ಕದ ಮನೆಯಾಕೆ ಮಾತ್ರ ಒಂದು ದಿನ ಒಂದು ತಂಬಿಗೆ ನೀರು ಇಸಿದುಕೊಂಡು ಹೋಗಿ ಬೇಳೆಗೆ ಇಟ್ಟಳು. ಬೆಂದು ಕರಗಿತು. ಅದೇ ಬೇಳೆ, ಅದೇ ಸೌದೆ. ಅವಳು ಯಾರಿಗೂ ಹೇಳಲಿಲ್ಲ. ಮರುವಾರ ಇನ್ನಿಬ್ಬರು ತಂಬಿಗೆ ತಂದರು. ಅವರೂ ಯಾರಿಗೂ ಹೇಳಲಿಲ್ಲ. ಹೀಗೇ ಒಂದೊಂದೇ ಮನೆಯ ತಂಬಿಗೆ ಬರುತ್ತಾ ಆ ವರ್ಷ ಕಳೆಯಿತು.

ಹಾಲಮ್ಮ ಮೇಡಂ ಅಲ್ಲಿಗೆ ನಿಲ್ಲಿಸಿದರು.

ಮೇಡಂ ಮುಂದೆ ಹೇಳುವ ಹಾಗೆ ಕಾಣಲಿಲ್ಲ. ಕೊಟ್ರೇಶನಿಗೆ ಬೇಸರವಾಯಿತು, ಸಿಟ್ಟೂ ಬಂತು.

"ಅಂದರೆ ಅವಳು ಸೋತಳು ತಾನೇ ಮೇಡಂ? ಕೆಲಸ ಹೋಯಿತು, ಮಾನ ಹೋಯಿತು. ಕೆರೆ ಹಾಗೇ ಇತ್ತು, ಹಂಡೆ ಹಾಗೇ ಇತ್ತು. ನನ್ನದೂ ಅದೇ ಆಗುತ್ತದೆ. ನಾನು ಸಹಿ ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆ. ನನ್ನ ಅಪ್ಪ ಅವ್ವನಿಗೆ ನಾನು ಏನಂತ ಹೇಳಲಿ? ಅಷ್ಟು ಹಠ ಮಾಡಿ ಅವಳಿಗೆ ಸಿಕ್ಕಿದ್ದಾದರೂ ಏನು?"

ಹಾಲಮ್ಮ ಮೇಡಂ ಅವನನ್ನು ಬೈಯಲಿಲ್ಲ. ಅವರು ಆಮೇಲೆ ಹೇಳಿದ್ದು ಒಂದೇ ಮಾತು.

"ಮುಂದಿನ ವರ್ಷ ಕೆರೆ ತಿಳಿಯಾದಾಗ ಒಂಬತ್ತು ದಿನ ಆ ಊರಿನ ಯಾವ ಮನೆಯ ಸಾರಿಗೂ ಉಪ್ಪು ಬೀಳಲಿಲ್ಲ ಕಣೋ."