ಗಿರಣಿ ದೆವ್ವದ ಫೋಟೋ

ಮರಿಲಿಂಗ ಅಂತ ಒಬ್ಬ ಇದ್ದ ಕಣ್ರಪ್ಪ. ಆಳು ನೋಡಿದ್ರೆ ಬಾಗಿಲೆತ್ತರ, ಬುದ್ಧಿ ನೋಡಿದ್ರೆ ಹೊಸ್ತಿಲಷ್ಟೂ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ!

ಅವರಪ್ಪ ಪೇಟೆ ಬೀದೀಲಿ ಫೋಟೋ ಸ್ಟುಡಿಯೋ ಇಟ್ಟಿದ್ದ, ತೀರಿಕೊಂಡ. ಅವ್ವ ಶಿವನಂಜಮ್ಮಂಗೆ ಫಿಲ್ಮು ತೊಳೆದು ಫೋಟೋ ಮಾಡೋಕೆ ಬರ್ತಿತ್ತು. ಆದ್ರೆ ಮೊಣಕಾಲು ನೋವು, ದೂರ ನಡೆಯೋಕಾಗಲ್ಲ. ಕ್ಯಾಮೆರಾ ಹೊತ್ತು ಹೋಗೋಕೆ ಇರೋನು ಈ ಮಗ ಒಬ್ಬನೇ. ಹಂಗಾಗಿ ಸ್ಟುಡಿಯೋ ಕಡೆ ಯಾರೂ ತಲೆ ಹಾಕ್ತಿರ್ಲಿಲ್ಲ.

ಒಂದಿನ ಹಿಟ್ಟಿನ ಗಿರಣಿ ಉಗ್ರಪ್ಪ ಬಂದ.

"ಶಿವನಂಜಮ್ಮ, ನನ್ನ ಗಿರಣೀಲಿ ದೆವ್ವ ಇದೆ ಅಂತ ಊರೆಲ್ಲ ಗುಲ್ಲು! ಹಿಂದಿನ ಗೋಡೆ ಹತ್ರ ಬೆಳ್ಳಗೆ ಏನೋ ನಿಂತಿರುತ್ತಂತೆ. ತಿಂಗಳಾಯ್ತು, ರಾಗಿ ಬೀಸಿಸೋಕೆ ಒಂದು ನರಪಿಳ್ಳೆ ಬಂದಿಲ್ಲ. ಒಂದು ಫೋಟೋ ತೆಗೆಸಿಕೊಡಮ್ಮ, ದೆವ್ವ ಇಲ್ಲ ಅಂತ ಜನಕ್ಕೆ ತೋರಿಸ್ತೀನಿ."

ಅವ್ವಂಗೆ ಹೋದ ಜೀವ ಬಂತು. "ಮಗಾ, ಈ ಕೆಲಸ ಕೆಟ್ರೆ ಸ್ಟುಡಿಯೋಗೆ ಬೀಗವೇ ಗತಿ. ಗಿರಣಿಗೆ ಹೋಗಿ ಫೋಟೋ ತೆಗೆದುಕೊಂಡು ಬಾ!"

"ಆಗ್ಲವ್ವ!"

ಹೋದ. ಗಿರಣಿ ಗೋಡೆ ಮೇಲೆ ಉಗ್ರಪ್ಪನ ತಾತನ ಫೋಟೋ ಇತ್ತು, ಹಾರ ಸಮೇತ. ತೆಗೆದ. ಕಂಕುಳಲ್ಲಿಟ್ಟುಕೊಂಡು ಬಂದ.

"ಇದ್ಯಾರೋ?"

"ಫೋಟೋ ಅವ್ವ! ತೆಗೆದುಕೊಂಡು ಬಂದೆ!"

"ಅಯ್ಯೋ ಬೆಪ್ಪೇ! ತಾತನ್ನ ಅಲ್ವೋ! ಕ್ಯಾಮೆರಾ ಕಣ್ಣಿಗೆ ಹಿಡಿದು ಗುಂಡಿ ಒತ್ತಬೇಕು!"

ಹೋದ. ತಾತನ್ನ ಮೊಳೆಗೆ ಹಾಕಿದ. ಕ್ಯಾಮೆರಾ ಕಣ್ಣಿಗೆ ಹಿಡಿದ. ಅಂಗಿ ಗುಂಡಿ ಒತ್ತಿದ. ಕತ್ತಿನಿಂದ ಹೊಟ್ಟೆವರೆಗೂ ಒಂದೂ ಬಿಡದೆ ಒತ್ತಿದ. ಬಂದ.

"ಒತ್ತಿದ್ಯೇನೋ?"

"ಐದೂ ಒತ್ತಿದೆ ಅವ್ವ! ಒಂದು ಕಿತ್ತೇ ಹೋಯ್ತು!"

ಅವ್ವ ಹಣೆ ಹಣೆ ಚಚ್ಚಿಕೊಂಡ್ಲು. "ಕ್ಯಾಮೆರಾ ಗುಂಡಿ ಕಣೋ! ಮುಚ್ಚಳ ತೆಗೆದು, ಆಮೇಲೆ ಒತ್ತು!"

ಹೋದ. ಮುಂದಿನ ಮುಚ್ಚಳ ತೆಗೆದ. ಹಿಂದೆಯೂ ಒಂದು ಮುಚ್ಚಳ ಇತ್ತಲ್ಲ, ಫಿಲ್ಮು ಇರೋ ಕಡೆ? ಅದನ್ನೂ ತೆಗೆದ. ಒತ್ತಿದ. ಎರಡನ್ನೂ ಮುಚ್ಚಿ ಬಂದ.

ಅವ್ವ ತೊಳೆದು ನೋಡಿದ್ರೆ ಫೋಟೋ ತುಂಬ ಬೆಳ್ಳನೆ ಹೊಗೆ, ಯಾರೋ ಕೈ ಚಾಚಿದ ಹಾಗೆ! ಫೋಟೋಗೆ ಕಾಯ್ತಿದ್ದ ಉಗ್ರಪ್ಪ ಎದೆ ಹಿಡ್ಕೊಂಡು ಕೂತುಬಿಟ್ಟ.

"ಇದ್ಯಲ್ಲಮ್ಮ! ನಿಜವಾಗ್ಲೂ ಇದ್ಯಲ್ಲ!"

"ದೆವ್ವ ಅಲ್ಲ ಉಗ್ರಪ್ಪಣ್ಣ, ನನ್ನ ಮಗ! ಕ್ಯಾಮೆರಾ ಹಿಂದ್ಗಡೆ ತೆಗೆದಿದಾನೆ, ಬೆಳಕು ನುಗ್ಗಿದೆ." ಮಗನ ಕಿವಿ ಹಿಂಡಿದ್ಲು. "ಒಳಗೆ ಬೆಳಕು ಬಿಡಬಾರದು! ತಿಳೀತಾ? ಒಂದೆಳೆ ಬೆಳಕು ಒಳಗೆ ಬರಕೂಡದು!"

ಹೋದ. ಗಿರಣಿ ಬಾಗಿಲು ಹಾಕಿದ. ಕಿಟಕಿ ಹಾಕಿದ. ಸಂದಿಗೊಂದಿಗೆಲ್ಲ ಗೋಣಿಚೀಲ ತುರುಕಿದ. ಹೊರಗೆ ಉರಿಬಿಸಿಲು, ಒಳಗೆ ಗವ್ವೆನ್ನೋ ಕತ್ತಲೆ. ಒತ್ತಿದ. ಫೋಟೋ ಬಂತು, ರೊಟ್ಟಿ ಹಂಚಿನ ತಳದ ಹಾಗೆ.

"ಮೊದಲು ಬಿಳಿ ದೆವ್ವ, ಈಗ ಕರಿ ದೆವ್ವಾನೂ ಸೇರ್ಕೊಂತಾ?" ಅಂತ ಉಗ್ರಪ್ಪ ಗೋಳೋ ಅಂದ.

ಅವ್ವಂಗೂ ಅಳು ಬಂತು. ಅಳ್ತಾನೇ ಬೈದ್ಲು.

"ನಿನ್ನ ಹೆತ್ತು ನನ್ನ ತಲೆ ಬೆಳ್ಳಗಾಯ್ತಲ್ಲೋ! ಕೇಳು, ಇದೇ ಕೊನೆ. ಬಾಗಿಲು ಕಿಟಕಿ ತೆಗಿ. ಹಿಂದಿನ ಗೋಡೆಗೆ ಎದುರಾಗಿ ನಿಲ್ಲು. ಅಲ್ಲಿ ಏನೂ ಇಲ್ಲ ಅಂತ ಫೋಟೋದಲ್ಲಿ ಜನಕ್ಕೆ ಕಾಣಬೇಕು. ಗೋಡೆ ಪೂರ್ತಿ ಬೀಳಬೇಕು, ಮೇಲಿಂದ ಕೆಳಗಿನವರೆಗೂ! ಅರ್ಧಂಬರ್ಧ ಬಿದ್ರೆ ಮನೆ ಮೆಟ್ಟಿಲು ಹತ್ತಬೇಡ!"

"ಪೂರ್ತಿ ಬೀಳಬೇಕಾ ಅವ್ವ?"

"ಪೂರ್ತಿ!"

ಹೋದ. ಬಾಗಿಲು ತೆಗೆದ. ಕಿಟಕಿ ತೆಗೆದ. ಗೋಡೆಗೆ ಎದುರಾಗಿ ನಿಂತ. ಕ್ಯಾಮೆರಾ ಕೆಳಗಿಟ್ಟ. ಮೂಲೇಲಿದ್ದ ಹಾರೆ ತಗೊಂಡ.

ಸದ್ದಿಗೆ ಊರೇ ಓಡಿ ಬಂತು. ಅವ್ವಾನೂ ಕುಂಟ್ತಾ ಕುಂಟ್ತಾ ಬಂದ್ಲು. ಹಿಂದಿನ ಗೋಡೆ ನೆಲಸಮ! ಆಚೆ ಕಡೆ ಹೊಲ, ಹೊಲದಲ್ಲೊಂದು ಎಮ್ಮೆ, ಎಲ್ಲಾ ನಿಚ್ಚಳವಾಗಿ ಕಾಣ್ತಿತ್ತು.

ಹೆಂಗಸರು ಇಣುಕಿ ನೋಡಿದ್ರು. "ಏನೂ ಇಲ್ವಲ್ಲೇ! ಸುಮ್ಸುಮ್ನೆ ಹೆದರಿಕೊಂಡಿದ್ವಿ!"

ಉಗ್ರಪ್ಪ ಇಟ್ಟಿಗೆ ರಾಶಿ ಮೇಲೆ ಕುಸಿದ. "ಶಿವನಂಜಮ್ಮ, ದೆವ್ವ ಇದ್ದಾಗ ಗೋಡೆಯಾದ್ರೂ ಇತ್ತಲ್ಲಮ್ಮ!"

ಮರಿಲಿಂಗ ಬೆವರು ಒರೆಸಿಕೊಂಡ, ಹಾರೆ ಮತ್ತೆ ಎತ್ತಿಕೊಂಡ.

"ಅಳಬೇಡಿ ಉಗ್ರಪ್ಪಣ್ಣ! ಇನ್ನೂ ಮೂರು ಗೋಡೆ ಇವೆ. ಸಂಜೆಯೊಳಗೆ ಅವನ್ನೂ ಪೂರ್ತಿ ಬೀಳಿಸ್ತೀನಿ!"